ಡಬ್ಬ ಸಿಕ್ಕದೆ

ಕುಕ್ಕರಹಳ್ಳಿ ಕೆರೆಗೆ ಮುಖ ಮಾಡಿದ ತಾರಸಿ,
ಬೆಳಗಿನ ಐದೂಮುಕ್ಕಾಲು.
ಬಲೂನಿಗೆ ಜಲಜನಕ ತುಂಬುವ ಮೊದಲು
ಬಳೆ ತೆಗೆದು ಕಿಟಕಿಯಲ್ಲಿಡುತ್ತೇನೆ.
ಕಿಡಿ ಹಾರೀತೆಂದು ನಿಯಮಾವಳಿಯ ಹೆದರಿಕೆ,
ರಬ್ಬರು ಗೀರೀತೆಂದು ನನ್ನದು.
ಹತ್ತೊಂಬತ್ತು ವರ್ಷ ಹೀಗೇ, ತಿಂಗಳಿಗೆರಡು ಸಲ,
ಆಕಾಶಕ್ಕೊಂದು ಬುತ್ತಿ ಕಟ್ಟಿ ಕಳಿಸಿದ್ದೇನೆ.

ಥರ್ಮೋಕೋಲಿನ ಡಬ್ಬಿ. ಒಳಗೆ ಬೆರಳುದ್ದದ ಪಂಪು,
ಪುಟ್ಟ ಬಟ್ಟಲಲ್ಲಿ ಅಯೊಡೈಡಿನ ನೀರು.
ಓಝೋನಿನ ಒಂದು ಕಣ ಬಂದು ಮುಳುಗಿದರೆ
ಎರಡು ಎಲೆಕ್ಟ್ರಾನು ತಂತಿ ಹಿಡಿದು ಹೊರಡುತ್ತವೆ.
ಅಷ್ಟೇ ಲೆಕ್ಕ.
ಮುಚ್ಚಳದ ಮೇಲೆ ನನ್ನ ಕೈಬರಹ:
ಇದು ಬಾಂಬ್ ಅಲ್ಲ. ಗಾಳಿ ಅಳೆಯುವ ಸಾಮಾನು.
ಸಿಕ್ಕಿದವರು ಫೋನ್ ಮಾಡಿ. ವನಜಾಕ್ಷಿ.

ಬಿಟ್ಟೊಡನೆ ಅದು ಹುಣಸೂರಿನ ಕಡೆ ವಾಲುತ್ತದೆ
ಕೆಳಗಿನ ಮೂಡಲ ಗಾಳಿ ಹೇಳಿದಂತೆ.
ಆಮೇಲೆ ಎಲ್ಲೋ ಮೇಲೆ ಮನಸ್ಸು ಬದಲಿಸಿ
ನಮ್ಮ ತಲೆಯ ಮೇಲೇ ಹಾದು ಮಂಡ್ಯದತ್ತ.
ನಾನು ಇಳಿದು ಪರದೆಯ ಮುಂದೆ ಕೂರುತ್ತೇನೆ.
ನಾಲ್ಕು ಕಿಲೋಮೀಟರ್. ಎಂಟು. ಕಾಫಿ ಆರುತ್ತದೆ.
ಹದಿನಾರೂವರೆಗೆ ಮೈನಸ್ ಎಂಬತ್ತು.
ಅಲ್ಲಿಗೆ ಚಳಿಯ ಇಳಿಜಾರು ಮುಗಿದು
ಮುಂದೆ ಏರಿದಷ್ಟೂ ಬೆಚ್ಚಗಾಗುತ್ತ ಹೋಗುತ್ತದೆ.

ಅದೇ ಗಡಿ. ಕಾಯಿಸಿದ ಹಾಲಿನ ಕೆನೆ
ಅಂತ ವಿದ್ಯಾರ್ಥಿಗಳಿಗೆ ಹೇಳುವುದು.
ಕೆಳಗೆ ಮೋಡ, ಗುಡುಗು, ಲಾರಿಹೊಗೆ, ಎಲ್ಲ ಒಂದರೊಳಗೊಂದು ಕುದಿ;
ಮೇಲೆ ಮಳೆಯ ಮುಖವನ್ನೇ ಕಾಣದ ಗಾಳಿ
ಮಡಿಸಿಟ್ಟ ಸೀರೆಗಳ ಹಾಗೆ ಪದರಪದರ.
ಇವರು ಅಲ್ಲಿಗೆ ಹೋಗರು, ಅವರಿಲ್ಲಿಗೆ ಬರರು
ಎಂದೇ ನಾನು ಓದಿದ್ದು.
ಆದರೆ ಬೆಳೆದದ್ದು ಒಂಟಿಕೊಪ್ಪಲಿನ ವಠಾರದಲ್ಲಿ;
ಮಹಡಿಯವರ ಇಂಗಿನ ಒಗ್ಗರಣೆ
ನಮ್ಮ ಸಾರಿಗಿಳಿಯುತ್ತಿದ್ದ ದಾರಿ
ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಇವತ್ತು ಒಂಬತ್ತು ಕಿಲೋಮೀಟರಿನಲ್ಲಿ
ತೇವದ ಗೆರೆ ಹಗ್ಗ ಹರಿದ ಕೊಡದಂತೆ ಕುಸಿಯಿತು.
ಅದೇ ಎತ್ತರದಲ್ಲಿ ಓಝೋನು ಮೂತಿ ಮುಂದೆ ಚಾಚಿತು.
ಎಂಟುನೂರು ಮೀಟರ್ ದಪ್ಪ, ಮೂರು ನಿಮಿಷವೂ ಇಲ್ಲ,
ಮತ್ತೆ ಎರಡೂ ಏನೂ ಆಗದವರಂತೆ ತಂತಮ್ಮ ಜಾಗಕ್ಕೆ.
ಮಹಡಿಯ ಗಾಳಿ. ಎಲ್ಲೋ ದೂರದ ಬಡಗಲಲ್ಲಿ
ಗಡಿ ಮಡಚಿಕೊಂಡು, ನಾಲಿಗೆಯಂತೆ ಇಳಿದು,
ಎಷ್ಟು ದಿನ ಜಾರಿತೋ ಇಲ್ಲಿಗೆ ಬರಲು.
"ಪಂಪು ಕೆಟ್ಟಿರಬೇಕು ಮೇಡಂ," ಎಂದ ಇಮ್ದಾದ್.
ಇರಬಹುದು. ಇಂಥದ್ದು ಹಿಂದೆ ಆರು ಸಲ ಕಂಡಿದ್ದೇನೆ;
ಎರಡು ಸಲ ಪಂಪೇ ಕೆಟ್ಟಿತ್ತು.

ಹನ್ನೊಂದಕ್ಕೆ ಫೋನು:
"ಡಬ್ಬ ಸಿಕ್ಕದೆ ಕಣವ್ವ. ಕಬ್ಬಿನ ಗದ್ದೇಲಿ ಬಿದ್ದಿತ್ತು.
ಆಲೆಮನೆ ತಾವ ಮಡಗಿವ್ನಿ."

ಪಾಂಡವಪುರ ದಾಟಿ, ದಾರಿ ತಪ್ಪಿ, ತಲುಪುವಾಗ ಸಂಜೆ.
ಆಲೆಮನೆಯ ಹೊಗೆ ತೆಂಗಿನೆತ್ತರ ಏರಿ
ಯಾರೋ ತಲೆ ತಟ್ಟಿದಂತೆ ನಿಂತು ಅಡ್ಡಕ್ಕೆ ಹಬ್ಬಿತ್ತು.
ಡಬ್ಬಿ ಮೊಳೆಗೆ ನೇತಾಡುತ್ತಿತ್ತು, ಅಂಟಂಟು.
ಬೋರಲಿಂಗಯ್ಯ ಕೊಪ್ಪರಿಗೆ ತಿರುವುತ್ತಲೇ ಕೇಳಿದ:
"ಮ್ಯಾಲೆ ಏನದೆ ಅಂತ ನೋಡೀರಿ?"
ಗಾಳಿ, ಎಂದೆ.
"ಇಲ್ಲೂ ಅದೇ ತಾನೆ ಇರದು?"
ಅಲ್ಲಿಯದು ಇಲ್ಲಿಗೆ ಎಷ್ಟು ಬರುತ್ತೆ ಅಂತ ಅಳೀತೀವಿ.
ಅವನು ಪಾಕದ ಒಂದು ತೊಟ್ಟು ತಣ್ಣೀರಿಗೆ ಬಿಟ್ಟ,
ಬೆರಳಲ್ಲಿ ಉರುಟಿದ, ಬಟ್ಟಲ ಅಂಚಿಗೆ ತಟ್ಟಿ ಕಿವಿಗೊಟ್ಟ.
"ಇನ್ನೂ ಆಗಿಲ್ಲ," ಎಂದ. ನನಗೋ, ಬೆಲ್ಲಕ್ಕೋ.

ರಾತ್ರಿ ಒಂಬತ್ತೂವರೆ. ಪ್ರಯೋಗಾಲಯದಲ್ಲಿ ನಾವಿಬ್ಬರೇ.
ಒರೆಸಿದ ಪಂಪಿಗೆ ಗಾಜಿನ ಕೊಳವೆ ಜೋಡಿಸಿ
ಕೆಳಗೊಂದು ಸೋಪಿನ ಗುಳ್ಳೆ ಹುಟ್ಟಿಸಿದೆ.
ನೂರರ ಗೆರೆಯನ್ನು ಅದು
ಇಪ್ಪತ್ತೆಂಟು ಸೆಕೆಂಡಿಗೆ ಮುಟ್ಟಿದರೆ ಪಂಪು ಸರಿ,
ಬೆಳಗಿನ ಆ ಮೂತಿ ನಿಜ.
ಕೋಣೆ ತುಂಬ ಬೆಲ್ಲದ ವಾಸನೆ.
ಗುಳ್ಳೆ ಅರವತ್ತು ದಾಟಿತು, ಎಂಬತ್ತು ದಾಟಿತು.
ಇಮ್ದಾದ್ ಗಡಿಯಾರ ಹಿಡಿದು, ಉಸಿರು ಹಿಡಿದು, ಎಣಿಸುತ್ತಿದ್ದಾನೆ:
ಇಪ್ಪತ್ನಾಲ್ಕು,
ಇಪ್ಪತ್ತೈದು,