ಕಾಲು ನೂಲು

ಹೆತ್ತೂರಿನ ಬಸ್‌ಸ್ಟ್ಯಾಂಡ್ ಎದುರು
ಒಂದೇ ಗೋಡೆ ಹಂಚಿಕೊಂಡ ಎರಡು ಅಂಗಡಿ:
ಈಚೆ ನನ್ನ ಹೊಲಿಗೆ ಮಿಷನ್ನು,
ಆಚೆ ಕಾಳಾಚಾರಿಯ ಅರ, ಎಣ್ಣೆ ಡಬ್ಬಿ,
ಕಟ್ಟು ಹಾಕಿಸಿದ ಲೈಸೆನ್ಸು,
ರಿಪೇರಿಗೆ ಬಂದು ಮೂಲೆಗೊರಗಿದ ಕೇಪಿನ ಕೋವಿಗಳು.

"ಸೆವ್ರಿನ್‌ಬಾಯಿ, ಒಂದು ಚಿಂದಿ ಕೊಡಿ" ಎಂದರು ಒಂದು ದಿನ,
ನಾಟಿ ವೈದ್ಯರು ಬೇರು ಕೇಳುವ ಹಾಗೆ.
ಮಲ್ಲು ಕೊಟ್ಟೆ.
ಬೆರಳ ನಡುವೆ ತಿಕ್ಕಿ ನೋಡಿ
"ಇದು ಉರಿದೇ ಹೋಗ್ತದೆ" ಅಂದರು.
ಕ್ಯಾನ್ವಾಸು ಕೊಟ್ಟೆ.
ಮದ್ದಿಲ್ಲದೆ ಬರೀ ಗುಂಡು ಇಳಿಸಿ ನೋಡಿದರು:
ಗಜ ಅರ್ಧಕ್ಕೇ ನಿಂತು ಬಿಲ್ಲಿನಂತೆ ಬಾಗಿತು.
ಟೆರಿಕಾಟ್ ತೋರಿಸಿದ್ದಕ್ಕೆ ಮಾತೇ ಇಲ್ಲ;
ದೀಪದ ಕುಡಿಗೆ ಹಿಡಿದರು.
ಅದು ಕರಗಿ, ಕಪ್ಪು ಹನಿಯಾಗಿ, ಇಕ್ಕಳಕ್ಕೆ ಅಂಟಿತು.

ಮೂವತ್ತು ವರ್ಷ ನಾನೂ ಅಳತೆಯಲ್ಲೇ ಬದುಕಿದವಳು.
ನನ್ನ ಟೇಪಿನಲ್ಲಿ ಅವರಿಗೆ ಬೇಕಾದ ಗೆರೆಯಿಲ್ಲ.
ಇಂಚಿಗೆ ಎಂಟು ನೂಲು, ಅವರ ಲೆಕ್ಕ.
ಗುಂಡು ನಳಿಗೆಗಿಂತ ಕಾಲು ನೂಲು ಸಣ್ಣಗಿರಬೇಕು,
ಆ ಕಾಲು ನೂಲನ್ನು ಬಟ್ಟೆ ತುಂಬಬೇಕು,
ಬಟ್ಟೆಯೋ ಎರಡೂ ಪಕ್ಕ ನಿಲ್ಲುತ್ತದೆ, ಹಾಗಾಗಿ
ಅದರ ದಪ್ಪ ಅರೆಕಾಲು,
ಮೇಲೆ ಒಂಚೂರು, ಅದುಮಿಕೊಳ್ಳುವುದಕ್ಕೆ.
"ನೂಲಿನ ಲೆಕ್ಕ ನನಗೇ ಹೇಳ್ತೀರಾ?" ಎಂದೆ.
ನಕ್ಕರು, ಹಲ್ಲಿನ ಸಂದಿಯ ಕಡ್ಡಿ ತೆಗೆಯದೆ.

ಕೋವಿ ಹೊಂಗಡಹಳ್ಳದ ದ್ಯಾವಮ್ಮನದು,
ಗಂಡನ ಹೆಸರಿನಿಂದ ಅವಳ ಹೆಸರಿಗೆ ಬಂದದ್ದು.
ಓಟಿಗೊಮ್ಮೆ ಠಾಣೆಗೆ ಹೋಗಿ ಮಲಗಿ ಬರುತ್ತದೆ.
ಕುದುರೆಯ ಕೊರಳಲ್ಲಿ ಹಿಂದಿನ ಓಟಿನ ಚೀಟಿ,
ನಂಬರು, ಮಾಸಿದ ರುಜು.
ಹಳೆಯ ಅಚ್ಚು ಕಳೆದುಹೋಗಿದೆ, ಹೊಸ ಅಚ್ಚಿನ ಗುಂಡು
ಒಂದು ಕೂದಲು ಸಣ್ಣ.
"ಅಚ್ಚು ಕೊರೆದರೆ ಮತ್ತೆ ಚಿಕ್ಕದಾಗಲ್ಲ,
ಮೊದಲು ಬಟ್ಟೆ ನೋಡೋಣ."

ಹ್ಯಾಂಗರಿನಲ್ಲಿ ಎರಡು ವರ್ಷದಿಂದ ಒಂದು ಖಾಕಿ ಪ್ಯಾಂಟು.
ಹೊಲಿಸಿದವರು ವರ್ಗವಾಗಿ ಹೋದವರು ಬರಲೇ ಇಲ್ಲ.
ಅದರ ಜೇಬಿನೊಳಗೆ ಒತ್ತು ನೇಯ್ಗೆಯ ಬಿಳಿ ಹತ್ತಿ.
ಎಡಜೇಬು ಬಿಚ್ಚಿದೆ.
ಗಂಜಿ ಹೋಗುವ ತನಕ ಒಗೆದು, ಒಣಗಿಸಿ,
ಹಳೆಯ ರೂಪಾಯಿ ಬಿಲ್ಲೆ ಇಟ್ಟು ದುಂಡಗೆ ಕತ್ತರಿಸಿ,
ಜೇನುಮೇಣ, ಹರಳೆಣ್ಣೆ ಸವರಿ ಕೊಟ್ಟೆ.

ಪರೀಕ್ಷೆ ದ್ಯಾವಮ್ಮನ ಗದ್ದೆ ಬದುವಿನಲ್ಲಿ.
ಈಡಿಗೆ ಕೊಕ್ಕರೆಗಳೆಲ್ಲ ಎದ್ದವು.
ದ್ಯಾವಮ್ಮ ಹಲಗೆಯ ತೂತು ನೋಡಲು ಓಡಿದಳು.
ಆಚಾರಿ ಓಡಲಿಲ್ಲ. ಹತ್ತು ಹೆಜ್ಜೆ ನಡೆದು ಕುಕ್ಕುರುಗಾಲಲ್ಲಿ ಕೂತು
ಹುಲ್ಲಿನಲ್ಲಿ ಹುಡುಕಿದರು, ಬಿದ್ದ ಮೂಗುತಿ ಹುಡುಕುವ ಹಾಗೆ.
ಸಿಕ್ಕಿತು. ಇನ್ನೂ ಬೆಚ್ಚಗಿತ್ತು.
ನಡುವೆ ಮಸಿಯ ದುಂಡು, ಅಂಚು ಮಾತ್ರ ಸೀದು,
ಎಲ್ಲೂ ತೂತಿಲ್ಲ, ಒಂದೆಳೆ ಹರಿದಿಲ್ಲ.
ನನ್ನ ಅಂಗೈಗೆ ಹಾಕಿ "ಓದಿ" ಎಂದರು.
ಕತ್ತರಿಸಿ ಕೊಟ್ಟ ಬಟ್ಟೆಯನ್ನು ಯಾರೂ ನನಗೆ
ಹೀಗೆ ವಾಪಸು ತಂದು ತೋರಿಸಿರಲಿಲ್ಲ.

ಮುಂದಿನ ಸೋಮವಾರ ಬಂದರು ಪೊಲೀಸ್ ಜವರಯ್ಯ.
"ಪ್ಯಾಂಟು ರೆಡಿಯಾ?"
ಕೊಟ್ಟು ಎರಡೇ ದಿನವಾದಂತೆ.
ರಸೀತಿಯ ಬೆನ್ನಿಗೆ ಅವರ ರುಜು,
ಕೋವಿಯ ಕೊರಳಲ್ಲಿ ಕಂಡದ್ದೇ: ಅದೇ ಕೊಂಕು, ಅದೇ ಬಾಲ.

ಪರದೆ ಹಿಂದೆ ಹೋದವರು ಬರಲು ತಡವಾಯಿತು.
ಗುಂಡಿ ಎರಡು ಬೆರಳು ದೂರದಲ್ಲೇ ನಿಂತಿದೆ;
ಜೇಬಿಗೆ ಹೋದ ಎಡಗೈ ಮಂಡಿ ಮುಟ್ಟುತ್ತಿದೆ.
"ಬಟ್ಟೆ ಕುಗ್ಗಿದೆ" ಎಂದರು.
ಗೋಡೆಯಾಚೆಯಿಂದ ಕಾಳಾಚಾರಿ, ಅರ ನಿಲ್ಲಿಸದೆ:
"ಬಟ್ಟೆ ಸರಿಯಾಗೇ ಇದೆ ಸ್ವಾಮಿ. ಗುಂಡು ದಪ್ಪ ಆಗಿದೆ."

ಜೇಬಿನ ವಿಷಯ ನಾನು ಎತ್ತಲಿಲ್ಲ.
ಕೊರಳಿನ ಟೇಪು ತೆಗೆದು
"ಉಸಿರು ಬಿಡಿ" ಎಂದೆ.
ಸೊಂಟದ ಹೊಲಿಗೆಯಲ್ಲಿ ಒಳಗೆ ಮಡಿಸಿಟ್ಟಿದ್ದೆ ಒಂದೂವರೆ ಇಂಚು.
ಎಲ್ಲರಿಗೂ ಇಡುತ್ತೇನೆ.