ಎರಡಿಂಚು

ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳ ಹಿಂದೆ
ಬೆಂದ ಹುಳದ ವಾಸನೆ ಬಂದು ತಿರುಗುವ ಮೂಲೆಯಲ್ಲಿ
ನಮ್ಮ ಶೆಡ್ಡು.
ಒಳಗೆ ಅರವತ್ತೈದನೇ ಇಸವಿಯ ಫಿಯಟ್ಟು,
ತಲೆಯ ಮೇಲೆ ಮುರಿದ ಚಂದ್ರಿಕೆಗಳ ಹೊರೆ.
ಮೂವತ್ತೊಂದು ವರ್ಷ ನಾವದನ್ನು ಕಾರು ಎನ್ನಲಿಲ್ಲ.
‘ಅದರ ಮೇಲಿಡು’ ಎಂದೆವು,
‘ಅದರ ಹಿಂದಿದೆ ನೋಡು’ ಎಂದೆವು.

ದೊಡ್ಡತ್ತೆ ಸ್ಕೂಲ್ ಇನ್‌ಸ್ಪೆಕ್ಟ್ರು. ಎತ್ತರ ನಾಲ್ಕಡಿ ಒಂಬತ್ತಿಂಚು.
ಗಂಜಿಗುಂಟೆಯ ದಾರಿಯಲ್ಲಿ ಧೂಳೆದ್ದರೆ ಸಾಕು
ಮೇಷ್ಟರುಗಳು ಕೋಟಿನ ಗುಂಡಿ ಹುಡುಕುತ್ತಿದ್ದರಂತೆ.
ದೂರಕ್ಕೆ, ಸ್ಟೀರಿಂಗಿನ ಹಿಂದೆ ಯಾರೂ ಕಾಣುತ್ತಿರಲಿಲ್ಲ;
ಕಾರೊಂದೇ ಬರುತ್ತಿತ್ತು, ತಾನಾಗಿ, ತಪಾಸಣೆಗೆ.

ಚಿಂತಾಮಣಿಯಿಂದ ಬಂದ ಗೌಸ್ ಪೀರ್ ಸಾಬರು
ಬಾನೆಟ್ಟು ಎತ್ತಿ, ಏನೂ ಅನ್ನದೆ ಬೀಡಿ ಹಚ್ಚಿ,
ಪೆಟ್ರೋಲು ನೆನಪಾಗಿ ಆರಿಸಿದರು.
ಪೆಟ್ರೋಲೆಲ್ಲಿತ್ತು? ಟ್ಯಾಂಕಿನ ತಳದಲ್ಲಿ ಕಂದು ಪಾಕ,
ಬೆಲ್ಲದ ಆಲೆಮನೆಯಲ್ಲಿ ಸೀದುಳಿದಂಥದು.
‘ಇಂಜಿನ್ ಹಿಡ್ಕೊಂಡೈತೆ. ಬಿಡಿಸ್ಬೇಕು.
ಜೋರು ಮಾಡಿದ್ರೆ ಮುರೀತೈತೆ, ಮನುಷ್ಯರ ಥರಾನೇ.’

ಪ್ಲಗ್ಗಿನ ನಾಲ್ಕು ತೂತಿಗೆ ಎಣ್ಣೆ ಬಿಟ್ಟು ಒಂಬತ್ತು ದಿನ ಕಾದೆವು.
ಅಷ್ಟರಲ್ಲಿ ಸೀಟು ಬಿಚ್ಚಿದರೆ
ಇಲಿಯ ಬಾಣಂತಿಕೋಣೆ.
ತೆಂಗಿನ ನಾರು, ಬಳಪದ ಚೂರು, ನೀಲಿ ಶಾಯಿಯ ಕಾಗದ:
‘ಉಪ್ಪಿಟ್ಟಿನ ಗೋಧಿ ರವೆ ತೂಕದಲ್ಲಿ ಕಡಿ’
ಮುಂದಿನದನ್ನು ಇಲಿ ತಿಂದಿತ್ತು.
ಯಾವ ಊರಿನ ಯಾವ ಮೇಷ್ಟರು ಬಚಾವಾದರೋ.

ಟಾಪಿನ ಬಟ್ಟೆಯ ಮಡಿಕೆಯಲ್ಲಿ
ಚಂದ್ರಿಕೆಯಿಂದ ತಪ್ಪಿಸಿಕೊಂಡ ಯಾವುದೋ ಹುಳದ ಗೂಡು,
ಒಂದು ತುದಿ ತೂತು.
ನಮ್ಮ ಕಸುಬಿನಲ್ಲಿ ಅದಕ್ಕೆ ಬೆಲೆಯಿಲ್ಲ, ನೂಲು ಬರುವುದಿಲ್ಲ.
ನಾನು ಅದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟೆ, ಯಾಕೆಂದು ಗೊತ್ತಿಲ್ಲ.

ಹತ್ತನೇ ದಿನ ಹ್ಯಾಂಡಲ್ಲು ಕಾಲು ಸುತ್ತು ತಿರುಗಿತು.
ಸಾಬರ ಮಗಳು ಶಾಹಿರಾ
ಬೆಂಕಿಪೊಟ್ಟಣದ ಅಂಚು ಹರಿದು ಪಾಯಿಂಟಿನ ಸಂದು ಅಳೆದಳು,
ಕಾರ್ಬೊರೇಟರಿನ ಜೆಟ್ಟನ್ನು ಬಾಯಿಗಿಟ್ಟು ಊದಿ
ಸೂರ್ಯನಿಗೆ ಹಿಡಿದು ನೋಡಿದಳು.
ಸೂಜಿಮೊನೆಯಷ್ಟು ಬೆಳಕು.
‘ಬಂತು’ ಎಂದಳು.

ಆಮೇಲೆ ಆ ತುಂಡುಗಳು.
ಕ್ಲಚ್ಚಿಗೊಂದು, ಬ್ರೇಕಿಗೊಂದು, ಆಕ್ಸಿಲರೇಟರಿಗೊಂದು ಸಣ್ಣದು.
ಎರಡಿಂಚು ದಪ್ಪ ಹಲಸಿನ ಮರ, ತಾಮ್ರದ ತಂತಿ ಬಿಗಿದು ಕಟ್ಟಿದ್ದು,
ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಬಿದ್ದ ಗುಳಿ.
ನಾನು ಕೂತೆ. ಆರಡಿಯ ಆಸಾಮಿ.
ಮಂಡಿ ಎದ್ದು ಹಾರ್ನಿಗೆ ತಗುಲಿತು,
ಶೆಡ್ಡಿನ ಪಾರಿವಾಳಗಳು ಒಮ್ಮೆಗೇ ಹಾರಿದವು.
‘ಕುಯ್ದ್ ಹಾಕಾಣ’ ಎಂದರು ಸಾಬರು.
ಗರಗಸ ನಾನೇ ತಂದೆ.

‘ಅಬ್ಬಾ, ತಡೀರಿ. ನಾನೊಂದ್ಸಲ.’
ಸೀಟು ಮುಂದಕ್ಕೆಳೆದುಕೊಂಡು ಚಪ್ಪಲಿ ಬಿಟ್ಟು ಕೂತಳು.
ಅವಳ ಕಾಲು ಹುಡುಕಲಿಲ್ಲ.
ಗುಳಿಯಲ್ಲಿ ಹೆಬ್ಬೆರಳು ಹೋಗಿ ಕೂತಿತು
ಸಂಜೆಗೆ ಕೋಳಿ ತನ್ನ ಜಾಗಕ್ಕೆ ಹೋಗಿ ಕೂರುವಂತೆ.

ಗೂಡಿನ ಮಾರ್ಕೆಟ್ಟಿನ ಮುಂದೆ ಒಮ್ಮೆ ಸುಮ್ಮನಾಯಿತು.
ಟೀ ಕುಡಿಯುತ್ತಿದ್ದ ರೀಲರ್‌ಗಳು ಲೋಟ ಕೆಳಗಿಟ್ಟು ತಳ್ಳಿದರು.
ಬಿಸಿನೀರಲ್ಲಿ ಬೆಂದು ಬಿಳಿಚಿದ ಹತ್ತಾರು ಬೆರಳು
ಡಿಕ್ಕಿಯ ಹೊಸ ಬಣ್ಣದ ಮೇಲೆ ಅಚ್ಚೊತ್ತಿದವು.
ಒರೆಸಲಿಲ್ಲ.

ಈಗ ಎರಡನೇ ಗೇರು.
ಎಡಬಾಗಿಲ ಗಾಜು ಜಾರುತ್ತದೆ, ನಾನು ಅಂಗೈಯಲ್ಲಿ ತಡೆದು ಕೂತಿದ್ದೇನೆ,
ಗರಗಸ ಕಾಲಬುಡದಲ್ಲಿ ಗಿಣಗಿಣ ಎನ್ನುತ್ತಿದೆ.
‘ಎಲ್ಲಿಗ್ ಬಿಡ್ಲಿ ಅಣ್ಣ?’
‘ದಿಬ್ಬೂರಹಳ್ಳಿ ಸ್ಕೂಲಿಗೆ’ ಎಂದುಬಿಟ್ಟೆ.
‘ಭಾನುವಾರ ಅಣ್ಣ, ಬೀಗ ಹಾಕಿರ್ತಾರೆ.’

ಇರಲಿ ನಡಿ,
ಒಂದು ಹಾರ್ನು ಹೊಡೆದು ಬರೋಣ.