ಏನಿಲ್ಲ

ಅಜೆಗುನ್ಲೆಯ ಈ ಆಸ್ಪತ್ರೆಯ ಹಳದಿ ಕಾಗದದಲ್ಲಿ
ಒಂದು ಖಾನೆಯುಂಟು, ಮೂರು ಬೆರಳಗಲ:
ನೋವು ಬರುವ ಮುಂಚೆ ರೋಗಿ ಏನು ಮಾಡುತ್ತಿದ್ದರು?

ರಾತ್ರಿ ಒಂದೂವರೆ. ಟೋನ್ಯೆಯನ್ನು ಒಳಗೆ ಒಯ್ದಿದ್ದಾರೆ.
ಅವನ ಎಡಗಾಲಿನ ಚಪ್ಪಲಿ ಹಿಡಿದು
ಬೆಂಚಿನ ತುದಿಯಲ್ಲಿ ಎಬಿಯೆರೆಯ ತಾಯಿ.
ಕೇಳಿದೆ.
'ಏನಿಲ್ಲ ಸಿಸ್ಟರ್. ಸುಮ್ಮನೆ ಜನರೇಟರಿನ ಹಗ್ಗ ಎಳೆದರು.'

ಎಷ್ಟು ಸಲ?
'ಏಳೋ ಎಂಟೋ. ಅದು ಹಾಗೇ, ಮೊಂಡು.
ಬೈದು ಬೈದು ಎಳೀಬೇಕು.'
ಬೈದರೇ?
'ಅದನ್ನಲ್ಲ, ಕರೆಂಟಿನವರನ್ನ.
ಆಮೇಲೆ ಪಕ್ಕದ ಮನೆಯವನನ್ನ, ಅವನ ಹೊಗೆಯೆಲ್ಲ ನಮ್ಮ ಕಿಟಕಿಗೇ.
ಆಮೇಲೆ ನನ್ನನ್ನ.'

ಪೆನ್ನು ತಡೆಯಿತು. ಅವಳು ತಡೆಯಲಿಲ್ಲ.
ಬಾಯಿ ಬಿಚ್ಚಿದ ಮೂಟೆಯಿಂದ ಉರುಳಿದಂತೆ ಉರುಳಿತು
ಪೆಟ್ರೋಲಿಗೆ ಸಾಲು ನಿಂತದ್ದು,
ಕ್ಯಾನಿನ ಹಿಡಿ ಮುರಿದು, ಕೂಸಿನ ಹಾಗೆ
ಎದೆಗಪ್ಪಿಕೊಂಡೇ ನಡೆದು ಬಂದದ್ದು;
ಅದಕ್ಕೂ ಮುಂಚೆ ಸೇತುವೆಯ ಮೇಲೆ
ಕಿಕ್ಕಿರಿದ ಬಸ್ಸಿನಲ್ಲಿ ಮೂರು ತಾಸು,
ಕೆಳಗೆ ಕದಲದ ನೀರು, ಸುತ್ತ ಕದಲದ ಹಾರ್ನು;
ಅದಕ್ಕೂ ಮುಂಚೆ ಗೋದಾಮಿನ ಮೇಸ್ತ್ರಿ
ಹುಡುಗರೆದುರು 'ಮುದುಕಾ' ಅಂದದ್ದು.
ಹನ್ನೊಂದಕ್ಕೆ ಊಟ. ಮರಗೆಣಸಿನ ಮುದ್ದೆ, ಒಣಮೀನಿನ ಸಾರು,
ಇನ್ನಷ್ಟು ಉಪ್ಪು ಕೇಳಿ.
'ಬಡಿಸಿದ್ದು ನಾನೇ' ಅಂದಳು
ಚಪ್ಪಲಿಗೆ ಹೇಳುವ ಹಾಗೆ.

ವಯಸ್ಸು?
'ನಲವತ್ತಾರು.'

ಯಾವುದನ್ನು ಬರೆಯಲಿ?
ಇಷ್ಟನ್ನೂ ನಿನ್ನೆಯೂ ಮಾಡಿದ್ದಾನೆ, ಮಾಡಿ ಮಲಗಿದ್ದಾನೆ,
ಎದ್ದಿದ್ದಾನೆ.
ನಾನೂ ಅದೇ ಸೇತುವೆ ದಾಟಿಯೇ ಕೆಲಸಕ್ಕೆ ಬಂದವಳು.
ಮೂರು ಬೆರಳಗಲದಲ್ಲಿ ಅದು ಹಿಡಿಯುವುದಿಲ್ಲ.
'ಮನೆಯಲ್ಲಿದ್ದರು' ಎಂದು ಗೀಚಿದೆ.
ಡಾಕ್ಟರು ಹೊರಬಂದು, ಓದಿ, ನಿಂತಲ್ಲೇ ತಿದ್ದಿದರು:
'ವಿಶ್ರಾಂತಿಯಲ್ಲಿದ್ದಾಗ.'

ಹೇಗಿದ್ದಾರೆ ಎಂದು ಅವಳು ಕೇಳುವಷ್ಟರಲ್ಲಿ
ದೀಪ ಹೋಯಿತು. ವಾರ್ಡು, ಓಣಿ, ಊರು.
ಯಾರೋ ಟಾರ್ಚು ಅಂದರು. ಯಾರೋ ದಂಜುಮಾ, ದಂಜುಮಾ ಅಂದರು.
ಕಾವಲಿನ ದಂಜುಮಾ, ಮೊಮ್ಮಕ್ಕಳನ್ನು ಕಂಡವನು,
ದಡಬಡ ಹಿತ್ತಲಿಗೆ ಓಡಿದ.

ಹಗ್ಗ ಎಳೆದ ಸದ್ದು. ಕೆಮ್ಮು.
ಮತ್ತೆ ಹಗ್ಗ.

ಕತ್ತಲಲ್ಲಿ ಅವಳ ಕೈ ನನ್ನ ಮುಂಗೈ ಹುಡುಕಿ ಹಿಡಿಯಿತು.
ಮೂರು, ಅಂದಳು.
ನಾಲ್ಕು, ಅಂದೆ.